ದನಿಯ ತುಂಡು ಜೋಡಿಸಿ ಕಂಪ್ಯೂಟರನ್ನು ಮಾತಾಡಿಸಿ

ಮುಂಬಯಿಯ ದಾದರ್ ಪ್ಲಾಟ್‌ಫಾರ್ಮಿನಲ್ಲಿ ಲೋಕಲ್ ರೈಲು ಬರುವ ಮುನ್ನ ಕೇಳುವ ಪ್ರಕಟಣೆಗೆ ಕಿವಿಗೊಡಿ. ಊರಿನ ಹೆಸರು, ವೇಳೆ, ಪ್ಲಾಟ್‌ಫಾರ್ಮ್ ನಂಬರು ಬೇರೆ ಬೇರೆ ಹೊತ್ತಿನ ಮಾತು, ಮಧ್ಯೆ ಬೆಸುಗೆ. ಅಂಥದ್ದನ್ನೇ ಕನ್ನಡದಲ್ಲಿ ಮಾಡೋಣ: ‘ಡೊಂಬಿವಲಿ ಲೋಕಲ್ ಎಂಟು ಗಂಟೆ ಇಪ್ಪತ್ತೊಂದು ನಿಮಿಷಕ್ಕೆ ಹೊರಡುತ್ತದೆ.’

ಮೊದಲು ಪಟ್ಟಿ. ಗಂಟೆಗೆ 12 ತುಂಡು, ನಿಮಿಷಕ್ಕೆ 59. ಇಲ್ಲಿ ಜಿಪುಣತನ ಬೇಡ. ‘ಇಪ್ಪತ್ತು’, ‘ಒಂದು’ ಎಂದು ಬಿಡಿಬಿಡಿಯಾಗಿ ಹಿಡಿದು ಅಂಟಿಸಿದರೆ ಸಂಧಿಯೇ ಆಗುವುದಿಲ್ಲ. ಊರಿನ ಹೆಸರನ್ನಂತೂ ಎರಡು ಸಲ ಹೇಳಿಸಬೇಕು: ‘ಥಾಣೆ ಲೋಕಲ್’ನಲ್ಲಿ ದನಿ ಇಳಿಯುವುದಿಲ್ಲ, ‘ಮುಂದಿನ ನಿಲ್ದಾಣ ಥಾಣೆ’ಯಲ್ಲಿ ಇಳಿಯುತ್ತದೆ. ಹಾಗಾಗಿ ಬಿಡಿ ಪದ ಓದಿಸದೆ ಇಡೀ ವಾಕ್ಯ ಓದಿಸಿ, ಆಮೇಲೆ ಕತ್ತರಿಸಿ.

ಫ್ಯಾನು ಆರಿಸಿ, ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಓದುವವರನ್ನು ಅದರೆದುರು ಕೂರಿಸಿ. ಚಾಳಿನ ಖೋಲಿಯಲ್ಲಿ ಗೋಡೆಯ ಮಾರ್ದನಿ ತಗ್ಗಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಮೈಕು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿರಲಿ. ನೇರವಾಗಿದ್ದರೆ ಪಕಾರ, ಫಕಾರಗಳ ಗಾಳಿ ಬಡಿಯುತ್ತದೆ. ರೆಕಾರ್ಡಿಂಗಿನ ಸೆಟ್ಟಿಂಗ್ ಮೊನೊ (ಒಂದೇ ಚಾನೆಲ್), 16 ಬಿಟ್, 16 ಕಿಲೊಹರ್ಟ್ಸ್ ಇದ್ದರೆ ಸಾಕು. ಎಲ್ಲವೂ ಒಂದೇ ಕೂರಿಕೆಯಲ್ಲಿ ಮುಗಿಯಲಿ, ನಾಳೆಯ ಗಂಟಲು ಇಂದಿನದಲ್ಲ.

ಕತ್ತರಿಸುವಾಗ ಹೆಚ್ಚಿನವರು ಎಡವುವುದು ಒತ್ತಕ್ಷರದಲ್ಲಿ. ‘ಇಪ್ಪತ್ತು’ ಪದದ ಅಲೆಯನ್ನು ಹಿಗ್ಗಿಸಿ ನೋಡಿದರೆ ‘ಪ್ಪ’, ‘ತ್ತ’ಗಳ ಜಾಗದಲ್ಲಿ ಗೆರೆ ಚಪ್ಪಟೆ. ಅದು ಖಾಲಿಯಲ್ಲ, ಬಾಯಿ ಮುಚ್ಚಿಕೊಂಡ ಹೊತ್ತು. ಒಂಟಿ ತಕಾರಕ್ಕಿಂತ ಸುಮಾರು ಎರಡರಷ್ಟು ಉದ್ದ. ಮೌನ ತೆಗೆಯುವ ಫಿಲ್ಟರು ಅದನ್ನು ನುಂಗಿದರೆ ‘ಇಪತು’ ಉಳಿಯುತ್ತದೆ. ಅಲೆ ಸೊನ್ನೆಯ ಗೆರೆ ದಾಟುವಲ್ಲೇ ಕತ್ತರಿಸಿ, ಜೋಡಿಸುವಾಗ ಎರಡು ತುಂಡುಗಳ ಅಂಚನ್ನು 5ರಿಂದ 10 ಮಿಲಿಸೆಕೆಂಡು ಒಂದರ ಮೇಲೊಂದು ಹಾಯಿಸಿ. ಇಲ್ಲವಾದರೆ ಬೆಸುಗೆಯಲ್ಲಿ ‘ಟಿಕ್’.

ಯಾವ ವಾಕ್ಯ ಕೊಟ್ಟರೂ ಓದಬೇಕೆಂದರೆ ಪದಗಳು ಸಾಲವು. ಆಗ ನಮ್ಮ ಲಿಪಿಯೇ ದಾರಿ ತಪ್ಪಿಸುತ್ತದೆ. ಕ, ಮ, ಲ ಎಂದು ಮೂರು ಅಕ್ಷರ ಜೋಡಿಸಿದರೆ ಒಂದನೇ ಕ್ಲಾಸಿನ ಮಗು ಕೂಡಿಸಿ ಓದಿದಂತಿರುತ್ತದೆ. ‘ಕ’ದ ಅಕಾರ ಮುಗಿಯುವ ಮೊದಲೇ ತುಟಿ ‘ಮ’ಕ್ಕೆ ಮುಚ್ಚತೊಡಗಿರುತ್ತದಲ್ಲ, ಅದನ್ನು ಅಕ್ಷರದ ಅಂಚು ಕಡಿದುಹಾಕುತ್ತದೆ. ಆದ್ದರಿಂದ ಒಂದು ಧ್ವನಿಯ ನಡುವಿನಿಂದ ಮುಂದಿನದರ ನಡುವಿನವರೆಗೆ ಕತ್ತರಿಸುತ್ತಾರೆ. ಇದೇ ಡೈಫೋನು. ‘ಕಮಲ’ಕ್ಕೆ ಆದಿ ಅಂತ್ಯದ ಮೌನ ಸೇರಿ ಏಳು ಬೇಕು. 45 ಧ್ವನಿ ಎಂದಿಟ್ಟುಕೊಂಡರೆ ಗರಿಷ್ಠ 2025 ಜೋಡಿ; ಎಷ್ಟೋ ಜೋಡಿ ಕನ್ನಡದಲ್ಲಿ ಬರುವುದೇ ಇಲ್ಲ.

ಹಲವು ಗಂಟೆ ಓದಿಸಿಟ್ಟರೆ ಮತ್ತೆ ಮತ್ತೆ ಬರುವ ಜೋಡಿಗಳಿಗೆ ಹತ್ತಾರು ಮಾದರಿ ಸಿಗುತ್ತವೆ. ಆಗ ಕಂಪ್ಯೂಟರು ಎರಡು ದಂಡ ಲೆಕ್ಕ ಹಾಕುತ್ತದೆ: ತುಂಡು ಆ ಜಾಗಕ್ಕೆ ಎಷ್ಟು ಒಗ್ಗದು, ಪಕ್ಕದ್ದಕ್ಕೆ ಎಷ್ಟು ಕೂಡದು. ಒಟ್ಟು ದಂಡ ಕಡಿಮೆಯಿರುವ ಸಾಲೇ ಮಾತಾಗುತ್ತದೆ. 120 ಹರ್ಟ್ಸಿನ ಸ್ವರದ ಪಕ್ಕ 150ರದು ಬಂದು ಕೂತರೆ ನಡುಪದದಲ್ಲೇ ದನಿ ಜಿಗಿಯುತ್ತದೆ. ಅಲ್ಲಿ ಎರಡನೆಯ ದಂಡದ ತೂಕ ಹೆಚ್ಚಿಸಿ ನೋಡಿ.