ಮನೆಯಲ್ಲಿ ಮಾಡಿದ ಬಿಯರನ್ನು ಮೊದಲ ಸಲ ಬಾಟಲಿಗೆ ತುಂಬುವಾಗ

ಹುದುಗು ನಿಂತ ಬಿಯರಿನಲ್ಲೂ ಯೀಸ್ಟ್ ಜೀವಂತವಾಗಿಯೇ ಇರುತ್ತದೆ. ತಿನ್ನುವ ಸಕ್ಕರೆ ಮುಗಿದುಹೋಗಿ ತಳ ಹಿಡಿದು ಕೂತಿರುತ್ತದೆ. ಬಾಟಲಿ ತುಂಬುವ ದಿನ ಅದಕ್ಕೆ ಇನ್ನೊಂದು ತುತ್ತು ಸಕ್ಕರೆ ಕೊಟ್ಟು ಬಾಟಲಿಯ ಬಾಯಿ ಬಿಗಿಯುತ್ತೇವೆ. ಹೊರಗೆ ಹೋಗಲು ದಾರಿಯಿಲ್ಲದ ಗ್ಯಾಸು ಬಿಯರಿನಲ್ಲೇ ಕರಗುತ್ತದೆ, ಲೋಟಕ್ಕೆ ಸುರಿದಾಗ ನೊರೆಯಾಗಿ ಏಳುತ್ತದೆ. ತುತ್ತು ಕಡಿಮೆಯಾದರೆ ಬಿಯರ್ ಸಪ್ಪೆಯಾಗುತ್ತದೆ, ಹೆಚ್ಚಾದರೆ ಗಾಜು ಸಿಡಿಯುತ್ತದೆ. ಹುದುಗು ನಿಜವಾಗಿ ಮುಗಿದಿದೆಯೇ, ಸಕ್ಕರೆ ಎಷ್ಟು ಗ್ರಾಂ ಇದೆ – ಈ ಎರಡನ್ನು ಮಾತ್ರ ಯಾವ ಕಾರಣಕ್ಕೂ ಕಣ್ಣಂದಾಜಿಗೆ ಬಿಡಬೇಡಿ.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡಬೇಕು. ಅಮೆರಿಕದಲ್ಲಿ 1978ರಲ್ಲಿ ಆದ ಕಾಯ್ದೆಯಿಂದ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಬಹುದು. ವಯಸ್ಕರು ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ 200. ಮಾರುವಂತಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಮನೆಯವರಿಗೆ ಮಾತ್ರ ಎಂದರೂ ಒಪ್ಪುವುದಿಲ್ಲ. ಹಾಗಾಗಿ ಇಲ್ಲಿರುವ ಲೆಕ್ಕವೆಲ್ಲ ಅಮೆರಿಕದಲ್ಲಿ ನೆಲೆಸಿರುವವರ ಅಡುಗೆಮನೆಯದು: 5 ಗ್ಯಾಲನ್, ಅಂದರೆ 19 ಲೀಟರ್ ಪೇಲ್ ಏಲ್ ಎಂಬ ತಿಳಿ ಬಣ್ಣದ ಬಿಯರ್.

ಹುದುಗು ಮುಗಿದಿದೆಯೇ?

ಏರ್‌ಲಾಕ್‌ನಲ್ಲಿ (ಗ್ಯಾಸನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ ಕೊಳವೆ) ಗುಳ್ಳೆ ನಿಂತದ್ದನ್ನು ನಂಬಬೇಡಿ. ಬಕೆಟ್ಟಿನ ಮುಚ್ಚಳ ಸ್ವಲ್ಪ ಸಡಿಲವಿದ್ದರೆ ಹುದುಗು ಜೋರಾಗಿರುವಾಗಲೂ ಗುಳ್ಳೆ ಕಾಣುವುದಿಲ್ಲ. ಹುದುಗು ಮುಗಿದ ಮೇಲೂ ಕೋಣೆ ಬೆಚ್ಚಗಾದರೆ ಗುಳ್ಳೆ ಬರುತ್ತದೆ. ನಂಬಬೇಕಾದದ್ದು ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಒಂದನ್ನೇ, ಸಕ್ಕರೆ ಕರಗಿಹೋದಂತೆ ಅದರ ಅಂಕಿ ಇಳಿಯುತ್ತದೆ. ಮೊದಲು ಅದನ್ನು ಬರೀ ನೀರಿನಲ್ಲಿ ತೇಲಿಸಿ 1.000 ತೋರಿಸುತ್ತದೆಯೇ ನೋಡಿ. ಯಾವ ಉಷ್ಣಾಂಶಕ್ಕೆ ಅಳತೆ ಹಾಕಿದ್ದಾರೆ ಎಂಬುದು ಅದರ ಮೇಲೇ ಬರೆದಿರುತ್ತದೆ. ಆಮೇಲೆ ಬಿಯರಿನ ಸ್ಯಾಂಪಲ್ ತೆಗೆದು, ಚೆನ್ನಾಗಿ ಕುಲುಕಿ ಗ್ಯಾಸು ಬಿಡಿಸಿ ಅಳೆಯಿರಿ. ಗುಳ್ಳೆಗಳು ಹೈಡ್ರೋಮೀಟರಿಗೆ ಅಂಟಿಕೊಂಡರೆ ಅದು ಮೇಲೆದ್ದು ತಪ್ಪು ಅಂಕಿ ತೋರಿಸುತ್ತದೆ. ಅಳೆದದ್ದನ್ನು ಕುಡಿದು ನೋಡಿ, ವಾಪಸ್ ಸುರಿಯಬೇಡಿ.

1.050ರಲ್ಲಿ ಶುರುವಾದ ಪೇಲ್ ಏಲ್ ಸಾಮಾನ್ಯವಾಗಿ 1.010ರಿಂದ 1.014ರ ನಡುವೆ ಎಲ್ಲೋ ನಿಲ್ಲುತ್ತದೆ. ಮೂರು ದಿನ ಬಿಟ್ಟು ಮತ್ತೆ ಅಳೆದಾಗಲೂ ಅದೇ ಅಂಕಿ ಬಂದರೆ ತುಂಬಬಹುದು. 1.020ಕ್ಕೇ ನಿಂತಿದ್ದರೆ ತುಂಬಬೇಡಿ. ಪಾತ್ರೆಯನ್ನು 20–22 ಡಿಗ್ರಿ ಸೆಲ್ಸಿಯಸ್ ಇರುವ ಕಡೆಗೆ ಸರಿಸಿ, ಮೆಲ್ಲಗೆ ಅಲುಗಿಸಿ, ಇನ್ನೊಂದು ವಾರ ಕಾಯಿರಿ. ಈ ಕಾಯುವಿಕೆಗೆ ಕಾರಣವಿದೆ. ಗುರುತ್ವ, ಅಂದರೆ ಹೈಡ್ರೋಮೀಟರ್ ತೋರಿಸುವ ಅಂಕಿ, 0.001ರಷ್ಟು ಇಳಿದರೆ ಹುಟ್ಟುವ ಗ್ಯಾಸು ಸುಮಾರು ಅರ್ಧ 'ವಾಲ್ಯೂಮ್'. ಒಂದು ಲೀಟರ್ ಬಿಯರಿನಲ್ಲಿ ಒಂದು ಲೀಟರ್ ಗ್ಯಾಸು ಕರಗಿದ್ದರೆ ಅದಕ್ಕೆ ಒಂದು ವಾಲ್ಯೂಮ್ ಎನ್ನುತ್ತಾರೆ. ಪೇಲ್ ಏಲ್‌ಗೆ ಬೇಕಾದದ್ದು 2.4 ವಾಲ್ಯೂಮ್. 1.020ರಲ್ಲಿ ಮುಚ್ಚಿದ ಬಿಯರ್ ಬಾಟಲಿಯೊಳಗೇ 1.012ಕ್ಕೆ ಇಳಿದರೆ ನೀವು ಹಾಕಿದ ಸಕ್ಕರೆಯ ಮೇಲೆ ಇನ್ನೂ ನಾಲ್ಕು ವಾಲ್ಯೂಮ್ ಸೇರುತ್ತದೆ. ಸಾಧಾರಣ ಬಿಯರ್ ಬಾಟಲಿ ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ.

ಸಕ್ಕರೆಯ ಲೆಕ್ಕ

ಹುದುಗು ಮುಗಿದ ಬಿಯರಿನಲ್ಲಿ ಈಗಾಗಲೇ ಸ್ವಲ್ಪ ಗ್ಯಾಸು ಕರಗಿರುತ್ತದೆ. ಎಷ್ಟು ಎಂಬುದನ್ನು ಹುದುಗಿನ ಕೊನೆಯಲ್ಲಿ ಅಥವಾ ಆಮೇಲೆ ಬಿಯರ್ ಕಂಡ ಅತಿ ಹೆಚ್ಚಿನ ಉಷ್ಣಾಂಶ ನಿರ್ಧರಿಸುತ್ತದೆ. 20 ಡಿಗ್ರಿಯಾದರೆ ಸುಮಾರು 0.85 ವಾಲ್ಯೂಮ್. ಬೇಕಾದ 2.4ರಿಂದ ಅದನ್ನು ಕಳೆದರೆ ಉಳಿಯುವುದು 1.55. ಒಂದು ಲೀಟರಿಗೆ ಒಂದು ವಾಲ್ಯೂಮ್ ಏರಿಸಲು ಮನೆಯ ಬಿಳಿ ಸಕ್ಕರೆ ಸುಮಾರು 4 ಗ್ರಾಂ ಬೇಕು, ಅಂದರೆ ಲೀಟರಿಗೆ 6 ಗ್ರಾಂಗಿಂತ ಒಂದು ಚೂರು ಜಾಸ್ತಿ. ಗಸಿಯ ಜೊತೆ ಹಿಂದೆ ಉಳಿಯುವುದನ್ನು ಕಳೆದು ನಿಮ್ಮ ಕೈಗೆ 18 ಲೀಟರ್ ಸಿಕ್ಕರೆ 110 ಗ್ರಾಂ ಸಕ್ಕರೆ ಸರಿಯಾಗುತ್ತದೆ. ಅಂಗಡಿಯಲ್ಲಿ ಪ್ರೈಮಿಂಗ್ ಶುಗರ್ ಎಂದು ಕೊಡುವ ಕಾರ್ನ್ ಶುಗರ್ ಆದರೆ ಸುಮಾರು 125 ಗ್ರಾಂ. ಎರಡರ ರುಚಿಯಲ್ಲೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಹಾಗಾಗಿ ಮನೆಯಲ್ಲಿರುವ ಸಕ್ಕರೆಯನ್ನೇ ಬಳಸಿ. ಬೆಲ್ಲ ಮಾತ್ರ ಮೊದಲ ಸಲಕ್ಕೆ ಬೇಡ. ಒಂದೊಂದು ಅಚ್ಚಿನಲ್ಲಿ ನೀರಿನಂಶ ಒಂದೊಂದು ಥರ ಇರುವುದರಿಂದ ತೂಕ ಹಾಕಿದರೂ ಲೆಕ್ಕ ನಿಲ್ಲುವುದಿಲ್ಲ.

ಕಪ್ಪಿನಲ್ಲೋ ಚಮಚದಲ್ಲೋ ಅಳೆಯಬೇಡಿ, ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಇನ್ನೊಂದು ತಪ್ಪು ಬಹಳ ಸಲ ಆಗುತ್ತದೆ. ಕಿಟ್ಟಿನ ಜೊತೆ ಬಂದ ಸಕ್ಕರೆಯ ಪೊಟ್ಟಣ ಪೂರ್ತಿ 5 ಗ್ಯಾಲನ್ನಿಗೆ ಎಂದು ಕಟ್ಟಿರುತ್ತಾರೆ. ಕೈಗೆ ನಾಲ್ಕೇ ಗ್ಯಾಲನ್ ಬಂದಿದ್ದರೂ ಅದನ್ನು ಇಡಿಯಾಗಿ ಸುರಿದುಬಿಡುತ್ತಾರೆ, ಎಲ್ಲ ಬಾಟಲಿಗಳೂ ಉಕ್ಕುತ್ತವೆ.

ಬಾಟಲಿ, ಮುಚ್ಚಳ, ಶುದ್ಧಿ

18 ಲೀಟರಿಗೆ 12 ಔನ್ಸಿನ (355 ಮಿಲಿ) ಬಾಟಲಿ ಸುಮಾರು 50 ಬೇಕು. ಕಂದು ಗಾಜೇ ಇರಲಿ. ಹಸಿರು, ಬಿಳಿ ಗಾಜಿನೊಳಗೆ ಬೆಳಕು ಹೊಕ್ಕರೆ ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಎಂಬ ಹೂವಿನ ಕಹಿ ಅಂಶ ಒಡೆದು ಗಂಧಕದ ದುರ್ನಾತ ಹುಟ್ಟುತ್ತದೆ, ಬಿಸಿಲಿನಲ್ಲಿ ಇದಕ್ಕೆ ಕೆಲವೇ ನಿಮಿಷ ಸಾಕು. ತಿರುಗಿಸಿ ತೆಗೆಯುವ ಬಾಯಿಯ ಬಾಟಲಿ ಬೇಡ, ಮುಚ್ಚಳ ಒತ್ತಿ ಕೂರಿಸುವ ಕೈ ಕ್ಯಾಪರ್ ಅದನ್ನು ಸರಿಯಾಗಿ ಬಿಗಿಯುವುದಿಲ್ಲ. ಓಪನರಿನಲ್ಲಿ ಎಬ್ಬಿ ತೆಗೆಯುವಂಥವೇ ಬೇಕು, ಅವಕ್ಕೆ 26 ಮಿಮೀ ಕ್ರೌನ್ ಮುಚ್ಚಳ ಕೂರುತ್ತದೆ. ಯುರೋಪಿನ ಕೆಲವು ಬಾಟಲಿಗಳಿಗೆ 29 ಮಿಮೀ ಬೇಕಾಗುವುದರಿಂದ ಅವನ್ನು ಬೇರೆ ಇಡಿ. ಅಲಂಕಾರದ, ಚೌಕದ, ತೆಳು ಗಾಜಿನ ಬಾಟಲಿಗಳನ್ನು ಮುಟ್ಟಲೇಬೇಡಿ.

ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ. ತಳದಲ್ಲಿ ಒಣಗಿ ಅಂಟಿದ ಗಸಿಯ ಮೇಲೆ ಎಂಥ ಸ್ಯಾನಿಟೈಸರ್ ಹಾಕಿದರೂ ಪ್ರಯೋಜನವಿಲ್ಲ. ಪ್ರತಿ ಬಾಟಲಿಯನ್ನೂ ಬೆಳಕಿಗೆ ಹಿಡಿದು ನೋಡಿ. ಕಲೆ ಕಂಡರೆ ಪಿಬಿಡಬ್ಲ್ಯು ಅಥವಾ ಆಕ್ಸಿಕ್ಲೀನ್ ಎಂಬ ತೊಳೆಯುವ ಪುಡಿ ಬೆರೆಸಿದ ಬಿಸಿನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಬಾಟಲಿ ಬ್ರಷ್ಷಿನಿಂದ ಉಜ್ಜಿ. ತುಂಬುವ ದಿನ ಸ್ಟಾರ್ ಸ್ಯಾನ್ ಎಂಬ ಸ್ಯಾನಿಟೈಸರನ್ನು 5 ಗ್ಯಾಲನ್ ನೀರಿಗೆ 1 ಔನ್ಸ್, ಅಂದರೆ 30 ಮಿಲಿಯಂತೆ ಕಲಸಿ. ಬಾಟಲಿ, ಮುಚ್ಚಳ, ಕೊಳವೆ, ಸೌಟು, ಬಿಯರಿಗೆ ತಾಗುವ ಪ್ರತಿಯೊಂದೂ ಎರಡು ನಿಮಿಷ ಅದರಲ್ಲಿ ನೆನೆಯಲಿ. ಮತ್ತೆ ನೀರಿನಲ್ಲಿ ಜಾಲಿಸಬಾರದು. ಒಳಗೆ ಉಳಿದ ನೊರೆಯಿಂದ ತೊಂದರೆಯಿಲ್ಲ. ತುಂಬುವ ಬಕೆಟ್ಟಿನ ನಲ್ಲಿಯನ್ನು ಬಿಚ್ಚಿ ತೊಳೆಯಲು ಮರೆಯಬೇಡಿ. ಹಳೇ ಬಿಯರ್ ಕೊಳೆಯುವ ಜಾಗವೇ ಅದರ ಒಳಮೂಲೆ.

ನಮ್ಮ ಅಡುಗೆಮನೆಗಳಿಗೆ ಮಾತ್ರ ಹೇಳಬೇಕಾದ ಮಾತೊಂದಿದೆ. ಮೊಸರಿನ ಪಾತ್ರೆ, ಉಬ್ಬುತ್ತಿರುವ ದೋಸೆ ಹಿಟ್ಟು ಆ ದಿನ ಅದೇ ಕಟ್ಟೆಯ ಮೇಲೆ ಇರಬಾರದು. ಎರಡರಲ್ಲೂ ತುಂಬಿರುವುದು ಹುಳಿ ಬರಿಸುವ ಬ್ಯಾಕ್ಟೀರಿಯಾ. ಹಾಪ್ಸ್ ಅವುಗಳಲ್ಲಿ ಹಲವನ್ನು ತಡೆಯುತ್ತದೆ, ಹಾಪ್ಸ್ ಕಡಿಮೆಯಿರುವ ಬಿಯರಿನಲ್ಲಿ ಆ ರಕ್ಷಣೆಯೂ ಕಡಿಮೆ. ಒಗ್ಗರಣೆಯ ಎಣ್ಣೆ ಹತ್ತಿದ ಸೌಟಿನಲ್ಲಿ ಕಲಕಿದರೆ ಜಿಡ್ಡಿಗೆ ನೊರೆ ನಿಲ್ಲುವುದಿಲ್ಲ. ಬಿಯರಿಗೆಂದೇ ಒಂದು ಸ್ಟೀಲ್ ಸೌಟು, ಒಂದು ಪಾತ್ರೆ ಎತ್ತಿಡಿ.

ತುಂಬುವ ಕೆಲಸ

ಹುದುಗಿನ ಪಾತ್ರೆಯನ್ನು ಹಿಂದಿನ ರಾತ್ರಿಯೇ ಕಟ್ಟೆಯ ಮೇಲೆ ಎತ್ತಿಡಿ, ಎತ್ತುವಾಗ ಕದಡಿದ ಗಸಿ ಬೆಳಿಗ್ಗೆಯೊಳಗೆ ತಳ ಸೇರುತ್ತದೆ. ಎರಡು ಕಪ್ ನೀರಿಗೆ ತೂಗಿದ ಸಕ್ಕರೆ ಹಾಕಿ ಐದು ನಿಮಿಷ ಕುದಿಸಿ, ಮುಚ್ಚಿ ಆರಿಸಿ, ನಲ್ಲಿಯಿರುವ ಬಕೆಟ್ಟಿನ ತಳಕ್ಕೆ ಸುರಿಯಿರಿ. ನಲ್ಲಿ ಮುಚ್ಚಿದೆಯೇ ಎಂದು ಮತ್ತೊಮ್ಮೆ ನೋಡಿ. ಏರ್‌ಲಾಕ್ ತೆಗೆದು, ಆಟೋ-ಸೈಫನ್ ಎಂಬ, ಪಂಪಿರುವ ಎಳೆಗೊಳವೆಯಿಂದ ಬಿಯರನ್ನು ಅದರ ಮೇಲೆ ಇಳಿಸಿ. ಕೊಳವೆಯ ತುದಿ ಬಕೆಟ್ಟಿನ ತಳಕ್ಕೆ ತಾಗಿ ಗೋಡೆಯುದ್ದಕ್ಕೂ ಬಳಸಿರಲಿ, ಆಗ ಬಿಯರ್ ಸುತ್ತುತ್ತ ಏರಿ ಸಕ್ಕರೆ ತಾನಾಗಿ ಬೆರೆಯುತ್ತದೆ. ಹಾಗಿದ್ದರೂ ಅರ್ಧ ತುಂಬಿದಾಗ ಒಮ್ಮೆ, ಕೊನೆಗೆ ಒಮ್ಮೆ ಸೌಟಿನಲ್ಲಿ ನಿಧಾನವಾಗಿ ಕಲಕಿ. ಎತ್ತರದಿಂದ ಧುಮುಕಿಸಬೇಡಿ, ಬಡಿಯಬೇಡಿ. ಈ ಹಂತದಲ್ಲಿ ಗಾಳಿ ಬೆರೆತರೆ ಕೆಲವು ವಾರಗಳಲ್ಲಿ ಬಿಯರಿಗೆ ಒದ್ದೆ ರಟ್ಟಿನ ರುಚಿ ಬರುತ್ತದೆ, ಹಾಪ್ಸಿನ ಪರಿಮಳ ಮೊದಲು ಮಾಯವಾಗುತ್ತದೆ. ಸೈಫನ್ ತಳದ ಗಸಿಯನ್ನು ಎಳೆಯತೊಡಗಿದ ಕೂಡಲೇ ನಿಲ್ಲಿಸಿ, ಉಳಿದ ಅರ್ಧ ಲೀಟರಿಗೆ ಆಸೆಪಡಬೇಡಿ.

ನಲ್ಲಿಗೆ ಬಾಟಲಿಂಗ್ ವ್ಯಾಂಡ್ ಸಿಕ್ಕಿಸಿ. ಇದು ತುದಿಯಲ್ಲಿ ಸ್ಪ್ರಿಂಗ್ ಇರುವ ಕಡ್ಡಿಕೊಳವೆ, ಬಾಟಲಿಯ ತಳಕ್ಕೆ ಒತ್ತಿದರೆ ಬಿಯರ್ ಹರಿಯುತ್ತದೆ, ಎತ್ತಿದರೆ ನಿಲ್ಲುತ್ತದೆ. ಬಿಯರ್ ಬಾಯಿಯವರೆಗೆ ಬಂದಾಗ ಎತ್ತಿ. ಕೊಳವೆ ತುಂಬಿದ್ದ ಜಾಗ ಖಾಲಿಯಾಗಿ ಮೇಲೆ ಒಂದಿಂಚು ಉಳಿಯುತ್ತದೆ, ಬೇಕಾದದ್ದೂ ಅಷ್ಟೇ. ಮುಚ್ಚಳ ಇಟ್ಟು ಕ್ಯಾಪರಿನ ಎರಡೂ ಹಿಡಿಗಳನ್ನು ಸಮನಾಗಿ ಕೆಳಗೆ ಒತ್ತಿ. ಮುಚ್ಚಿದ ಬಾಟಲಿಯನ್ನು ತಲೆಕೆಳಗು ಮಾಡಿದಾಗ ತೊಟ್ಟಿಕ್ಕಿದರೆ ಬೇರೆ ಮುಚ್ಚಳ ಹಾಕಿ. ಇಬ್ಬರಿದ್ದರೆ ಒಬ್ಬರು ತುಂಬಲು, ಒಬ್ಬರು ಮುಚ್ಚಲು. ಕೆಲಸ ಅರ್ಧಕ್ಕಿಂತ ಹಗುರಾಗುತ್ತದೆ. ತೆರೆದ ಡಿಶ್‌ವಾಷರ್ ಬಾಗಿಲ ಮೇಲೆ ಬಾಟಲಿ ಇಟ್ಟು ತುಂಬಿದರೆ ಚೆಲ್ಲಿದ್ದೆಲ್ಲ ಅದರೊಳಗೇ ಹೋಗುತ್ತದೆ.

ಒಂದು ಬಾಟಲಿ ಮಾತ್ರ ಅರ್ಧ ಲೀಟರಿನ ಪ್ಲಾಸ್ಟಿಕ್ ಸೋಡಾ ಬಾಟಲಿಯಾಗಿರಲಿ. ಅದನ್ನೂ ಸ್ಯಾನಿಟೈಸ್ ಮಾಡಿ, ತುಂಬಿ, ಗಾಳಿ ಹೊರಹೋಗುವಂತೆ ಹಿಚುಕಿ ಮುಚ್ಚಿ. ಗಾಜಿನೊಳಗೆ ಏನಾಗುತ್ತಿದೆ ಎಂಬುದನ್ನು ಇದು ಬೆರಳಿಗೆ ತಿಳಿಸುತ್ತದೆ. ಅಂಗಡಿಯ ಸೋಡಾದಷ್ಟು ಗಟ್ಟಿಯಾದರೆ ಗ್ಯಾಸು ಹಿಡಿದಿದೆ ಎಂದರ್ಥ.

ಕಾಯುವುದು, ಕೆಟ್ಟರೆ ಹುಡುಕುವುದು

ಬಾಟಲಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಮುಚ್ಚಿ, ಕತ್ತಲಲ್ಲಿ 20–23 ಡಿಗ್ರಿಯಲ್ಲಿ ಎರಡು ವಾರ ಇಡಿ. ಚಳಿಗಾಲದ ಬೇಸ್‌ಮೆಂಟ್ ಇದಕ್ಕೆ ಆಗದು, 12–13 ಡಿಗ್ರಿಯಲ್ಲಿ ಏಲ್ ಯೀಸ್ಟ್ ಮಲಗಿಬಿಡುತ್ತದೆ. ಎರಡು ವಾರದ ಮೇಲೂ ಸಪ್ಪೆಯಾಗಿದ್ದರೆ ಬೆಚ್ಚಗಿನ ಕಡೆಗೆ ಸರಿಸಿ, ಪ್ರತಿ ಬಾಟಲಿಯನ್ನೂ ಒಮ್ಮೆ ತಲೆಕೆಳಗು ಮಾಡಿ ಯೀಸ್ಟ್ ಎಬ್ಬಿಸಿ, ಇನ್ನೊಂದು ವಾರ ಬಿಡಿ. ಮುಚ್ಚಳ ತೆಗೆದು ಸಕ್ಕರೆ ಸೇರಿಸಲು ಹೋಗಬೇಡಿ.

ಕೆಲವು ಸಪ್ಪೆ, ಕೆಲವು ಉಕ್ಕುತ್ತವೆ ಎಂದಾದರೆ ಸಕ್ಕರೆ ಸರಿಯಾಗಿ ಬೆರೆತಿಲ್ಲ. ಎಲ್ಲವೂ ಒಂದೇ ಸಮ ಉಕ್ಕಿದರೆ ಸಕ್ಕರೆ ಹೆಚ್ಚಾಗಿರಬೇಕು, ಇಲ್ಲವೇ ಹುದುಗು ಮುಗಿಯದೆ ತುಂಬಿರಬೇಕು. ಒಂದೋ ಎರಡೋ ಮಾತ್ರ ಉಕ್ಕಿ, ಹುಳಿಯೂ ಆಗಿದ್ದು, ಕತ್ತಿನೊಳಗೆ ಬಿಳಿ ಉಂಗುರದಂಥ ಗೆರೆ ಕಂಡರೆ ಆ ಬಾಟಲಿಗಳು ಸರಿಯಾಗಿ ತೊಳೆದವಲ್ಲ. ಪ್ಲಾಸ್ಟಿಕ್ ಬಾಟಲಿ ಕಲ್ಲಿನಂತಾಗಿ ತಳ ಉಬ್ಬಿದರೆ, ಅಥವಾ ಒಂದು ಗಾಜು ಸಿಡಿದರೆ, ಮಿಕ್ಕವೂ ಅದೇ ಸ್ಥಿತಿಯಲ್ಲಿವೆ ಎಂದುಕೊಳ್ಳಿ. ಕಣ್ಣಿಗೆ ಕನ್ನಡಕ, ದಪ್ಪ ಕೈಗವಸು, ಉದ್ದ ತೋಳಿನ ಅಂಗಿ ಹಾಕಿಕೊಂಡು ಪೆಟ್ಟಿಗೆಯ ಮೇಲೆ ದಪ್ಪ ಕಂಬಳಿ ಹೊದಿಸಿ, ಅಲುಗಿಸದೆ ತಣ್ಣನೆಯ ಜಾಗಕ್ಕೆ ಒಯ್ಯಿರಿ. ತಣಿದಷ್ಟೂ ಒತ್ತಡ ಇಳಿಯುತ್ತದೆ. ಪೂರ್ತಿ ತಣ್ಣಗಾದ ಮೇಲೆ ಬಟ್ಟೆ ಮುಚ್ಚಿ ಒಂದೊಂದಾಗಿ ತೆರೆದು ಸಿಂಕಿಗೆ ಚೆಲ್ಲಿ.

ಎಲ್ಲ ಸರಿಯಿದ್ದರೆ ಕುಡಿಯುವ ಎರಡು ದಿನ ಮೊದಲು ಫ್ರಿಜ್ಜಿನಲ್ಲಿ ನಿಲ್ಲಿಸಿಡಿ. ತಣ್ಣನೆಯ ಬಿಯರಿನಲ್ಲಿ ಗ್ಯಾಸು ಚೆನ್ನಾಗಿ ಕರಗುತ್ತದೆ, ತಳದ ಗಸಿಯೂ ಬಿಗಿಯುತ್ತದೆ. ಲೋಟ ವಾರೆ ಹಿಡಿದು, ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ ಸುರಿಯಿರಿ, ಕೊನೆಯ ಅರ್ಧ ಇಂಚು ಬಾಟಲಿಯಲ್ಲೇ ಉಳಿಯಲಿ. ಲೋಟ ಬಾಯಿಗಿಡುವ ಮೊದಲು ಆ ಬಾಟಲಿಗೆ ಬಿಸಿನೀರು ಹಾಕಿ ಮೂರು ಸಲ ಕುಲುಕಿ ಚೆಲ್ಲಿ ಬೋರಲಿಡಿ. ಆಗ ಮುಂದಿನ ಸಲ ಅದನ್ನು ಉಜ್ಜಬೇಕಾಗುವುದಿಲ್ಲ.