ಮನೆಯವರು ಒಪ್ಪುವ ಮುಖ

ಚಿಕ್ಕಮಗಳೂರಿನಲ್ಲಿ ಸ್ಟುಡಿಯೊ ಇಟ್ಟುಕೊಂಡವರಿಗೆಲ್ಲ ಈ ಕೆಲಸ ಗೊತ್ತು. ಮನೆಯಲ್ಲಿ ಹಿರಿಯರು ತೀರಿಕೊಂಡಿರುತ್ತಾರೆ. ತಿಥಿಗೆ ಪಟ ಬೇಕು. ಮಗನೋ ಅಳಿಯನೋ ಮೊಬೈಲ್ ಹಿಡಿದುಕೊಂಡು ಬರುತ್ತಾರೆ. ಅದರಲ್ಲಿ ಯಾರದೋ ಮದುವೆಯ ಗ್ರೂಪ್ ಫೋಟೋ, ಹಿಂದಿನ ಸಾಲಿನ ಮೂಲೆಯಲ್ಲಿ ಅಜ್ಜ. "ಇದನ್ನೇ ಸ್ವಲ್ಪ ದೊಡ್ಡದು ಮಾಡ್ಕೊಡಿ ಸರ್" ಅನ್ನುತ್ತಾರೆ. ಅದೂ ಇಲ್ಲದಿದ್ದರೆ ಆಧಾರ್ ಕಾರ್ಡ್. ಜೀವಮಾನವೆಲ್ಲ ತೋಟ, ಗದ್ದೆ, ಮನೆ, ಮಕ್ಕಳು ಅಂತ ದುಡಿದವರಿಗೆ ಒಂದು ನೆಟ್ಟಗಿನ ಫೋಟೋ ಇರುವುದಿಲ್ಲ. ಮನೆ ತುಂಬ ಮೊಬೈಲ್ ಇದ್ದರೂ ಇರುವುದಿಲ್ಲ. ಇದು ನನಗೆ ನಿಜವಾಗಿಯೂ ಸಂಕಟದ ವಿಷಯ. ಮದುವೆ, ನಾಮಕರಣದ ಕೆಲಸ ಹೊಟ್ಟೆಪಾಡಿಗೆ ನಡೆಯುತ್ತಿರುತ್ತದೆ. ಆದರೆ ಹಿರಿಯರು ಗಟ್ಟಿಮುಟ್ಟಾಗಿ ಇರುವಾಗಲೇ ಅವರ ಪೋರ್ಟ್ರೇಟ್ ತೆಗೆಯುವುದು ನನ್ನ ಮುಖ್ಯ ಕೆಲಸ ಅಂತ ಇಟ್ಟುಕೊಂಡಿದ್ದೇನೆ.

ಈ ಕೆಲಸಕ್ಕೆ ನನ್ನ ಅಳತೆಗೋಲು ಒಂದೇ. ಫೋಟೋ ನೋಡಿದವರು "ಚೆನ್ನಾಗಿ ಬಂದಿದೆ" ಅಂದರೆ ಸಾಲದು. "ಇದು ನಮ್ಮಜ್ಜಿನೇ" ಅನ್ನಬೇಕು.

ಅದಕ್ಕೇ ಹಿರಿಯರನ್ನು ಸ್ಟುಡಿಯೊಗೆ ಕರೆಸುವುದಿಲ್ಲ, ನಾನೇ ಮನೆಗೆ ಹೋಗುತ್ತೇನೆ. ಸ್ಟೂಲ್ ಮೇಲೆ ಕೂತ ತಕ್ಷಣ ಅವರ ಬೆನ್ನು ನೆಟ್ಟಗಾಗುತ್ತದೆ, ಕೈ ಎರಡೂ ಮೊಣಕಾಲ ಮೇಲೆ ಬರುತ್ತವೆ, ಉಸಿರು ಬಿಗಿಯಾಗುತ್ತದೆ. ಅವರ ಕಾಲದಲ್ಲಿ ಫೋಟೋ ಅಂದರೆ ಹಾಗೇ ಇತ್ತು, ಅಲುಗಾಡದೆ ಕೂರಬೇಕಿತ್ತು. ತಮ್ಮ ಜಗಲಿಯಲ್ಲಿ, ತಾವು ದಿನಾ ಕೂರುವ ಜಾಗದಲ್ಲಿ ಕೂತಾಗ ಮೈ ತಾನಾಗಿ ಸಡಿಲವಾಗುತ್ತದೆ.

ಮನೆಗೆ ಹೋದ ಮೇಲೆ ಮೊದಲು ನೋಡುವುದು ಬೆಳಕು. ನಮ್ಮ ಜಿಲ್ಲೆಯಲ್ಲಿ ಎರಡು ಥರದ ಬೆಳಕಿದೆ. ಕಡೂರು ಕಡೆ ಬಯಲುಸೀಮೆ. ಬೆಳಿಗ್ಗೆ ಹತ್ತಕ್ಕೆಲ್ಲ ಬಿಸಿಲು ಚುರುಗುಟ್ಟುತ್ತದೆ. ಹೊರಗೆ ಕೂರಿಸಿದರೆ ಕಣ್ಣು ಕಿರಿದಾಗಿ, ಮೂಗಿನ ಕೆಳಗೆ ಕಪ್ಪು ನೆರಳು ಕೂರುತ್ತದೆ. ಅಲ್ಲಿ ನಾನು ಹೊಸ್ತಿಲಿನಿಂದ ಒಂದೆರಡು ಅಡಿ ಒಳಗೆ, ಮುಖ ಅಂಗಳದ ಕಡೆ ಬರುವ ಹಾಗೆ ಕೂರಿಸುತ್ತೇನೆ. ಅಂಗಳದ ನೆಲಕ್ಕೆ ಬಿದ್ದ ಬಿಸಿಲು ಅಲ್ಲಿಂದ ಎದ್ದು ಮೆತ್ತಗೆ ಮುಖಕ್ಕೆ ಬರುತ್ತದೆ. ಕೆನ್ನೆಯ ಒಂದು ಬದಿ ಜಾಸ್ತಿ ಕಪ್ಪಾಯಿತು ಅನ್ನಿಸಿದರೆ ಮನೆಯಲ್ಲೇ ಒಂದು ಬಿಳಿ ಪಂಚೆ ಕೇಳಿ, ಕುರ್ಚಿಯ ಬೆನ್ನಿಗೆ ಹರಡಿ ಆ ಬದಿಗೆ ಇಡುತ್ತೇನೆ. ದುಡ್ಡು ಕೊಟ್ಟು ತಂದ ರಿಫ್ಲೆಕ್ಟರ್ ಕಾರಿನಲ್ಲೇ ಇರುತ್ತದೆ. ಅದನ್ನು ಬಿಚ್ಚಿದರೆ ಅಜ್ಜ ಮತ್ತೆ ಬಿಗಿಯಾಗುತ್ತಾರೆ, ಪಂಚೆಗೆ ಯಾರೂ ಹೆದರುವುದಿಲ್ಲ. ಹಿಂದಿನ ಗೋಡೆಯಲ್ಲಿ ಕ್ಯಾಲೆಂಡರ್, ಸ್ವಿಚ್ ಬೋರ್ಡ್ ಎಲ್ಲ ಕಾಣುತ್ತಿದ್ದರೆ ಕರಿ ಕಂಬಳಿ ಇಳಿಬಿಡುತ್ತೇನೆ. ಅದರ ಮುಂದೆ ನರೆತ ಕೂದಲು ಎಷ್ಟು ಚೆಂದ ಕಾಣುತ್ತದೆ ಅನ್ನುವುದನ್ನು ನೋಡಿಯೇ ನಂಬಬೇಕು.

ಮೂಡಿಗೆರೆ, ಕೊಪ್ಪದ ಕಡೆ ಬೇರೆ ಲೆಕ್ಕ. ಮಳೆಗಾಲದಲ್ಲಿ ಮೋಡ ಕವಿದ ಬೆಳಕು ಮೃದುವಾಗಿಯೇ ಇರುತ್ತದೆ. ಆದರೆ ಅದು ನೆತ್ತಿಯ ಮೇಲಿಂದ ಇಳಿಯುತ್ತದೆ, ಕಣ್ಣುಗುಳಿಗಳು ಕಪ್ಪಾಗುತ್ತವೆ. ಸೂರಿನ ಕೆಳಗೆ ಒಂದು ಹೆಜ್ಜೆ ಒಳಗೆ ಸರಿಸಿದರೆ ಮೇಲಿನ ಬೆಳಕು ಕಟ್ಟಾಗಿ ಎದುರಿನದು ಮಾತ್ರ ಉಳಿಯುತ್ತದೆ. ಆಗ ಕಣ್ಣಲ್ಲಿ ಆ ಸಣ್ಣ ಬೆಳಕಿನ ಚುಕ್ಕಿ ಮೂಡುತ್ತದೆ. ಅದಿಲ್ಲದ ಕಣ್ಣಿಗೆ ಜೀವ ಇರುವುದಿಲ್ಲ. ಹಳೆ ಮನೆಗಳಲ್ಲಿ ಗಾಜಿನ ಹೆಂಚಿದ್ದರೆ ಅದರ ನೇರ ಕೆಳಗೆ ಕೂರಿಸಬಾರದು, ಸ್ವಲ್ಪ ಹಿಂದೆ ಸರಿಸಬೇಕು. ಒಳಗೆ ಉರಿಯುತ್ತಿರುವ ಬಲ್ಬುಗಳನ್ನೆಲ್ಲ ಆರಿಸಬೇಕು. ಒಂದು ಕೆನ್ನೆಗೆ ಬಲ್ಬಿನ ಹಳದಿ, ಇನ್ನೊಂದಕ್ಕೆ ಕಿಟಕಿಯ ನೀಲಿ ಬಿದ್ದರೆ ಆಮೇಲೆ ಕಂಪ್ಯೂಟರಿನಲ್ಲಿ ಎರಡನ್ನೂ ಸರಿಮಾಡುವುದು ದೊಡ್ಡ ತಲೆನೋವು.

ತೋಟದೊಳಗೆ ಫೋಟೋ ಬೇಕು ಅಂತ ತುಂಬ ಜನ ಕೇಳುತ್ತಾರೆ. ಕಾಫಿ ಗಿಡ, ಸಿಲ್ವರ್ ಓಕ್, ಕಾಳುಮೆಣಸಿನ ಬಳ್ಳಿ ಎಲ್ಲ ಕಣ್ಣಿಗೆ ಹಬ್ಬ. ಆದರೆ ಎಲೆಗಳನ್ನು ದಾಟಿ ಬರುವ ಬೆಳಕು ಹಸಿರಾಗಿರುತ್ತದೆ, ಚರ್ಮಕ್ಕೆ ಕಾಯಿಲೆ ಬಿದ್ದವರ ಬಣ್ಣ ಬರುತ್ತದೆ. ನಾನು ಕಾಫಿ ಒಣಹಾಕುವ ಕಣದ ಅಂಚಿಗೆ ಕರೆತರುತ್ತೇನೆ. ಆಕಾಶ ತೆರೆದಿರುತ್ತದೆ, ಸಿಮೆಂಟಿನ ನೆಲ ಕೆಳಗಿನಿಂದ ಬೆಳಕು ಎತ್ತಿ ಕೊಡುತ್ತದೆ, ತೋಟ ಹಿಂದೆ ಮಸುಕಾಗಿ ನಿಲ್ಲುತ್ತದೆ.

ಮುಖದ ಮೇಲೆ ಬೆಳಕು ಏನು ಮಾಡುತ್ತದೆ ಅಂತ ಕಲಿಯಬೇಕಾದವರಿಗೆ ನಾನು ಹೇಳುವುದು, ಬೇಲೂರಿಗೆ ಹೋಗಿ ಅಂತ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನ. ಸೂರಿನ ಕೆಳಗೆ ಮದನಿಕೆಯರಿದ್ದಾರಲ್ಲ, ಅವರಲ್ಲಿ ಒಬ್ಬಳನ್ನೇ ಆರಿಸಿಕೊಳ್ಳಿ. ಬೆಳಿಗ್ಗೆ ನೋಡಿ, ಮಧ್ಯಾಹ್ನ ನೋಡಿ, ಸಂಜೆ ನೋಡಿ. ಕಲ್ಲಿನ ಮುಖ ಒಂದಿಷ್ಟೂ ಅಲುಗಾಡಿಲ್ಲ. ಆದರೂ ಬಿಸಿಲು ಬದಿಯಿಂದ ಬಂದಾಗ ಒಂದು ಭಾವ, ನೆಲದಿಂದ ಎದ್ದು ಬಂದಾಗ ಇನ್ನೊಂದು. ಇದನ್ನು ಕಣ್ಣಾರೆ ಕಂಡವರು ಬೆಳಕು ನೋಡದೆ ಕ್ಯಾಮೆರಾ ಎತ್ತುವುದಿಲ್ಲ.

ಲೆನ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾಕ್ಕೆ 85 ಎಂಎಂ ಲೆನ್ಸ್ ಹಾಕಿಕೊಂಡು ಆರು ಅಡಿ ದೂರದಲ್ಲಿರುತ್ತೇನೆ. ತೀರಾ ಹತ್ತಿರ ಹೋದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಹೋಗುತ್ತದೆ. ಸೆಲ್ಫಿಯಲ್ಲಿ ಮುಖ ಬೇರೆ ಕಾಣುವುದೂ ಇದರಿಂದಲೇ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಎಫ್ 4ರ ಆಸುಪಾಸು. ಹಿಂದೆ ಮಸುಕಾಗಲಿ ಅಂತ 1.8ಕ್ಕೆ ಇಳಿಸಿ ಕಿಂಡಿ ಅಗಲ ಮಾಡಿದರೆ ಒಂದು ಕಣ್ಣು ಚೂಪಾಗಿ ಇನ್ನೊಂದು ಮಬ್ಬಾಗುವ ಸಾಧ್ಯತೆ ಇದೆ. ಕನ್ನಡಕ ಹೊಳೆಯುತ್ತಿದ್ದರೆ ಕಿವಿಯ ಹತ್ತಿರ ಕಡ್ಡಿಯನ್ನು ಒಂಚೂರು ಮೇಲೆತ್ತಿದರೆ ಸಾಕು, ಗಾಜು ಕೆಳಕ್ಕೆ ಬಾಗಿ ಹೊಳಪು ಹೋಗುತ್ತದೆ. ಕನ್ನಡಕ ತೆಗೆಸಬಾರದು. ಮೊಮ್ಮಕ್ಕಳು ಕಂಡಿರುವ ಅಜ್ಜ ಕನ್ನಡಕದ ಅಜ್ಜನೇ ಅಲ್ವಾ?

ಇದಿಷ್ಟನ್ನೂ ಬೇಗ ಕಲಿಯಬಹುದು. ಕಷ್ಟ ಇರುವುದು ಮಾತಿನಲ್ಲಿ. "ನಗಿ" ಅಂತ ನಾನು ಯಾರಿಗೂ ಹೇಳುವುದಿಲ್ಲ. ಕೇಳಿ ಬರಿಸಿದ ನಗು ಬಾಯಲ್ಲೇ ಉಳಿಯುತ್ತದೆ, ಕಣ್ಣಿಗೆ ಹೋಗುವುದಿಲ್ಲ. ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುವುದನ್ನು ಕೇಳುತ್ತೇನೆ. "ಈ ಸಲ ಹೂಮಳೆ ಹೇಗಾಯ್ತು ಗೌಡ್ರೇ?" ಅಂದರೆ ಸಾಕು, ಕಾಫಿ ಹೂ ಅರಳಿಸುವ ಆ ಮಳೆಯ ಕಥೆ ಈ ವರ್ಷದ್ದು ಮುಗಿಸಿ ನಲವತ್ತು ವರ್ಷ ಹಿಂದಕ್ಕೆ ಹೋಗುತ್ತಾರೆ.

ಆಲ್ದೂರಿನ ಹತ್ತಿರ ಒಬ್ಬ ಅಜ್ಜಿ. ಕ್ಯಾಮೆರಾ ಕಂಡ ಕೂಡಲೇ "ನನ್ನ ಮುಖದಲ್ಲಿ ಏನಿದೆ ಅಂತ ತೆಗೀತೀಯಪ್ಪ" ಅಂತ ಸೆರಗು ಎಳೆದುಕೊಂಡರು. ನಾನು ಕ್ಯಾಮೆರಾ ಪಕ್ಕಕ್ಕಿಟ್ಟು ಕಾಫಿ ಕುಡಿದೆ. ಅವರು ಎಲೆ ಅಡಿಕೆ ತಟ್ಟೆ ಎಳೆದುಕೊಂಡರು. ವೀಳ್ಯದೆಲೆಯ ತೊಟ್ಟು ಮುರಿದು, ಸೀರೆಗೆ ಒರೆಸಿ, ಹೆಬ್ಬೆರಳ ತುದಿಯಲ್ಲಿ ಸುಣ್ಣ ಸವರುತ್ತಾ ತಾವು ಮದುವೆಯಾಗಿ ಬಂದಾಗ ಈ ಮನೆಗೆ ರಸ್ತೆಯೇ ಇರಲಿಲ್ಲ ಅಂತ ಶುರುಮಾಡಿದರು. ಹೊಳೆ ತುಂಬಿದರೆ ತವರಿಗೆ ಹೋಗುವ ಹಾಗಿಲ್ಲ, ಆಚೆ ದಡದಲ್ಲಿ ನಿಂತ ಅಣ್ಣನನ್ನು ನೋಡಿ ವಾಪಸ್ ಬರುವುದು. ಅಷ್ಟು ಹೇಳಿ ಎಲೆ ಮಡಿಸಿ ತಲೆ ಎತ್ತಿದರು. ಮಾತು ಮುಗಿದಿತ್ತು, ಮುಖದಲ್ಲಿ ಅದು ಇನ್ನೂ ಇತ್ತು. ಆ ಒಂದೆರಡು ಸೆಕೆಂಡಿನಲ್ಲೇ ನಾನು ಕ್ಲಿಕ್ ಮಾಡಿದೆ. ಮಾತಾಡುವಾಗ ತೆಗೆದರೆ ಬಾಯಿ ಅಂಕುಡೊಂಕಾಗಿರುತ್ತದೆ. ಮಾತು ನಿಂತ ಮರುಕ್ಷಣಕ್ಕೆ ಕಾಯಬೇಕು. ಮತ್ತೆ ಕೈಗೆ ಏನಾದರೂ ಕೆಲಸ ಇರಬೇಕು. ಕೈ ಆರಾಮಾಗಿದ್ದರೆ ಭುಜ ಇಳಿಯುತ್ತದೆ, ಭುಜ ಇಳಿದರೆ ಮುಖವೂ ಆರಾಮಾಗುತ್ತದೆ.

ಇನ್ನೊಂದು ವಿಷಯ ಖಂಡಿತವಾಗಿ ಹೇಳಬೇಕು. "ಸ್ವಲ್ಪ ಬೆಳ್ಳಗೆ ಮಾಡಿ ಸರ್." ಈ ಮಾತು ಕೇಳದ ಫೋಟೋಗ್ರಾಫರ್ ನಮ್ಮ ಕಡೆ ಇರಲಿಕ್ಕಿಲ್ಲ. ನಾನು ಮಾಡುವುದಿಲ್ಲ. ಬಿಸಿಲಲ್ಲಿ ದುಡಿದು ಬಂದ ಬಣ್ಣ ಅದು, ಅದನ್ನು ಒರೆಸುವ ಹಕ್ಕು ನನಗಿಲ್ಲ. ಆದರೆ ಜನ ಯಾಕೆ ಹಾಗೆ ಕೇಳುತ್ತಾರೆ ಅಂತಲೂ ಯೋಚಿಸಬೇಕು. ಬಿಳಿ ಪಂಚೆ, ಬಿಳಿ ಅಂಗಿ, ಸುಣ್ಣದ ಗೋಡೆ ಎಲ್ಲ ಇದ್ದಾಗ ಕ್ಯಾಮೆರಾ ಆ ಬಿಳಿಯನ್ನೇ ನೋಡಿ ಬೆಳಕು ಕಡಿಮೆ ಮಾಡುತ್ತದೆ. ಮುಖ ಮಂಕಾಗಿ, ಮಣ್ಣು ಮೆತ್ತಿದ ಹಾಗೆ ಬರುತ್ತದೆ. ಅದನ್ನು ನೋಡಿದವರು ಬೆಳ್ಳಗೆ ಮಾಡಿ ಅನ್ನದೆ ಇನ್ನೇನು ಅನ್ನುತ್ತಾರೆ? ನಾನು ಬೆಳಕಿನ ಅಳತೆ ತೆಗೆಯುವುದು ಮುಖದ ಮೇಲೆ. ಪಂಚೆ ಸ್ವಲ್ಪ ಜಾಸ್ತಿ ಬೆಳಗಿದರೂ ಪರವಾಗಿಲ್ಲ, ನೆರಿಗೆ ಅಳಿಸಿಹೋಗದಿದ್ದರೆ ಸಾಕು. ಮುಖಕ್ಕೆ ಬೇಕಾದಷ್ಟು ಬೆಳಕು ಸಿಕ್ಕಿದರೆ ಕಪ್ಪು ಮೈಬಣ್ಣ ಹೊಳೆಯುತ್ತದೆ, ಆ ಬೇಡಿಕೆಯೂ ಬಹುಪಾಲು ನಿಂತುಹೋಗುತ್ತದೆ. ಎಡಿಟಿಂಗ್‌ನಲ್ಲಿ ತೆಗೆಯುವುದು ಮೊಡವೆ, ಶೇವಿಂಗ್ ಗಾಯ, ಅಂದರೆ ಹದಿನೈದು ದಿನದಲ್ಲಿ ತಾನಾಗಿ ಹೋಗುವಂಥದ್ದು ಮಾತ್ರ. ಮಚ್ಚೆ, ಹಳೇ ಗಾಯದ ಕಲೆ, ಸುಕ್ಕು ಎಲ್ಲ ಇರಬೇಕು.

ಲೈನ್ ಮನೆಗಳಲ್ಲಿರುವ ತೋಟದ ಕೆಲಸದವರ ಫೋಟೋ ತೆಗೆದರೆ ಪ್ರಿಂಟ್ ಅವರ ಕೈಗೆ ತಲುಪಲೇಬೇಕು. "ಕಳಿಸ್ತೀವಿ" ಅಂತ ಹೇಳಿ ತೆಗೆದುಕೊಂಡು ಹೋದವರನ್ನು ಅವರು ಬೇಕಾದಷ್ಟು ನೋಡಿದ್ದಾರೆ. ಅವರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ, ಕೇಳದೆ ಎಲ್ಲೂ ಹಾಕುವುದೂ ಇಲ್ಲ. ಉಳಿದವರ ಹತ್ತಿರ ಅರ್ಧ ಅಡ್ವಾನ್ಸ್. ಎಷ್ಟು ಫೋಟೋ, ಯಾವ ಸೈಜು, ಯಾವತ್ತು ಕೊಡುವುದು ಎಲ್ಲ ವಾಟ್ಸಾಪ್‌ನಲ್ಲಿ ಬರೆದು ಕಳಿಸುತ್ತೇನೆ. ಇಬ್ಬರಿಗೂ ನೆಮ್ಮದಿ.

ಕೊನೆಗೆ ಪ್ರಿಂಟ್. ಮೊಬೈಲ್‌ಗೆ ಫೈಲ್ ಕಳಿಸಿ ಕೈತೊಳೆದುಕೊಂಡರೆ ಕೆಲಸ ಮುಗಿದ ಹಾಗಲ್ಲ. ಸ್ಕ್ರೀನಿನ ಬೆಳಕು ಜಾಸ್ತಿ ಇಟ್ಟು ಎಡಿಟ್ ಮಾಡಿದರೆ ಪ್ರಿಂಟ್ ಕಪ್ಪಾಗಿ ಬರುತ್ತದೆ, ಅದನ್ನು ಮೊದಲೇ ಇಳಿಸಿಕೊಳ್ಳಬೇಕು. 12×18 ಇಂಚು, ಹೊಳಪಿಲ್ಲದ ಮ್ಯಾಟ್ ಪೇಪರ್. ಫ್ರೇಮಿನ ಗಾಜಿಗೂ ಫೋಟೋಗೂ ನಡುವೆ ಸುತ್ತ ದಪ್ಪ ರಟ್ಟಿನ ಮೌಂಟ್ ಬೋರ್ಡ್ ಹಾಕಿಸಿ ಜಾಗ ಬಿಡಿಸುತ್ತೇನೆ. ಮಲೆನಾಡಿನ ಥಂಡಿಗೆ ಫೋಟೋ ಗಾಜಿಗೆ ಅಂಟಿಕೊಂಡರೆ ಬಿಡಿಸಲಿಕ್ಕೆ ಹೋದಾಗ ಮುಖವೇ ಕಿತ್ತು ಬರುತ್ತದೆ. ಫ್ರೇಮ್ ಕೊಡುವಾಗ ಮನೆಯವರಿಗೆ ಇಷ್ಟು ಹೇಳುತ್ತೇನೆ: ಮಳೆ ಹೊಡೆಯುವ ಪಡುವಣ ಗೋಡೆಗೆ ಹಾಕಬೇಡಿ, ಒಳಗೋಡೆಗೆ ಹಾಕಿ, ದೇವರ ದೀಪದ ಹೊಗೆಯಿಂದಲೂ ಸ್ವಲ್ಪ ದೂರ ಇರಲಿ.