ಲೋಟದ ಮೇಲೆ ಕೂತ ಶಹಾಬಾದ ಕಲ್ಲು

ಕಲಬುರಗಿ ಕಡೆಯ ಮನೆಗಳಲ್ಲಿ ಡಿಶ್‌ವಾಷರ್ ಕೈಕೊಟ್ಟಿತು ಅಂದರೆ, ಮೆಕ್ಯಾನಿಕ್‌ಗೆ ಫೋನ್ ಹಚ್ಚುವ ಮೊದಲು ನೀರಿನ ಕಡೆ ನೋಡಿರಿ. ಮಷೀನು ತಾನಾಗಿ ಕೆಡುವುದು ಕಡಿಮೆ, ನಮ್ಮ ಬೋರ್ ನೀರು ಅದನ್ನು ಕೆಡಿಸುವುದೇ ಹೆಚ್ಚು. ನೆಲಕ್ಕೆ ಹಾಸುವ ಶಹಾಬಾದ ಫರಸಿ ಸುಣ್ಣದ ಕಲ್ಲು. ಶಹಾಬಾದ, ಚಿತ್ತಾಪುರ, ಸೇಡಂ ಸೀಮೆಯಲ್ಲಿ ಅಂಥ ಕಲ್ಲಿನ ಸಂದಿಯಿಂದ ಬರುವ ನೀರಿನೊಳಗೆ ಆ ಸುಣ್ಣ ಕರಗಿಯೇ ಇರುತ್ತದೆ. ಮಷೀನಿನಲ್ಲಿ ನೀರು 60 ಡಿಗ್ರಿ ದಾಟಿ ಕಾದಾಗ ಅದು ಮತ್ತೆ ಕಲ್ಲಾಗಿ ಲೋಟದ ಮೇಲೆ, ಹೀಟರ್ ಮೇಲೆ, ನೀರು ಚಿಮ್ಮುವ ತೋಳಿನ ತೂತುಗಳಲ್ಲಿ ಕೂಡುತ್ತದೆ.

ಗಾಜಿನ ಲೋಟ ಮಸುಕಾಗಿದ್ದರೆ ಒಂದು ಹೋಳು ಲಿಂಬಿಹಣ್ಣು ತಿಕ್ಕಿ ಎರಡು ನಿಮಿಷ ಬಿಟ್ಟು ತೊಳೆಯಿರಿ. ಮಸುಕು ಹೋದರೆ ಅದು ಸುಣ್ಣ, ಮಷೀನಿಗೆ ಉಪ್ಪು ಸಾಲುತ್ತಿಲ್ಲ. ಹೋಗದೆ ಗಾಜು ಹಾಗೇ ಮಂಜು ಕವಿದಂತೆ ಇದ್ದರೆ ಗಾಜೇ ಸವೆದಿದೆ, ಅದಕ್ಕೆ ಔಷಧವಿಲ್ಲ.

ಈ ಉಪ್ಪಿನ ವಿಷಯದಲ್ಲೇ ಎಲ್ಲರೂ ಎಡವುತ್ತಾರೆ. ಮಷೀನಿನ ತಳದಲ್ಲಿ ರಾಳದ ಸಣ್ಣ ಗುಂಡುಗಳ ಒಂದು ಡಬ್ಬಿ ಇರುತ್ತದೆ. ಆ ಗುಂಡುಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಗುಂಡು ತುಂಬಿದ ಮೇಲೆ ಅವನ್ನು ತೊಳೆದು ಮತ್ತೆ ಕೆಲಸಕ್ಕೆ ಹಚ್ಚುವುದು ಉಪ್ಪುನೀರು. ಪಾತ್ರೆಗೆ ಉಪ್ಪು ತಾಗುವುದೇ ಇಲ್ಲ, ಹಾಗಾಗಿ ಅದರ ರುಚಿ ಪಾತ್ರೆಗೆ ಬರುತ್ತದೆಂದು ಹೆದರಬೇಕಾಗಿಲ್ಲ. ಡಿಶ್‌ವಾಷರ್‌ಗೆಂದೇ ಸಿಗುವ ದಪ್ಪ ಹರಳಿನ ಉಪ್ಪನ್ನೇ ಹಾಕಬೇಕು. ಅಡುಗೆಯ ಪುಡಿ ಉಪ್ಪಿನಲ್ಲಿ ಅಯೋಡಿನ್ ಜೊತೆಗೆ ಗಡ್ಡೆ ಕಟ್ಟದಿರಲು ಬೆರೆಸಿದ ಪುಡಿ ಇರುತ್ತದೆ, ಅದು ಒಳಗೆ ಕೆಸರಾಗಿ ಕಟ್ಟಿಕೊಳ್ಳುತ್ತದೆ. ಕಿರಾಣಿಯ ಕಲ್ಲುಪ್ಪಿನಲ್ಲಿ ಮಣ್ಣು. ಹೊಸ ಮಷೀನಿಗೆ ಮೊದಲ ಸಲ ಮಾತ್ರ ಉಪ್ಪಿನ ಡಬ್ಬಿಗೆ ಒಂದು ಲೀಟರಿನಷ್ಟು ನೀರು ಹಾಕಿ, ಆಮೇಲೆ ಸುಮಾರು ಒಂದು ಕಿಲೋ ಉಪ್ಪು ಸುರಿಯಿರಿ. ಮುಂದಿನ ಸಲ ಬರೀ ಉಪ್ಪು ಸಾಕು. ಉಪ್ಪು ತುಂಬಿದ ಕೂಡಲೇ ಒಂದು ವಾಶ್ ಹಚ್ಚಿರಿ, ಇಲ್ಲದಿದ್ದರೆ ಚೆಲ್ಲಿದ ಉಪ್ಪುನೀರು ತಳದ ಸ್ಟೀಲಿಗೆ ತುಕ್ಕು ಹಿಡಿಸುತ್ತದೆ. ಮರೆತು ಆ ಡಬ್ಬಿಗೆ ಸೋಪಿನ ಪುಡಿ ಸುರಿದರೆ ರಾಳ ಹಾಳಾಯಿತೆಂದೇ ತಿಳಿಯಿರಿ.

ಉಪ್ಪು ಇದ್ದೂ ಬಿಳಿ ಕೂತರೆ ಮಷೀನಿನಲ್ಲಿ ನೀರಿನ ಗಡಸುತನದ, ಅಂದರೆ ಅದರೊಳಗಿನ ಸುಣ್ಣದ ಅಳತೆಯ, ಸೆಟ್ಟಿಂಗ್ ಕಡಿಮೆ ಇದೆ. ಆರ್‌ಓ ಹಾಕಲು ಬಂದವರು ತೋರಿಸುವ ಟಿಡಿಎಸ್ ಅಂಕಿಯನ್ನು ಇದಕ್ಕೆ ನಂಬಬೇಡಿರಿ, ಅದು ನೀರಿನಲ್ಲಿ ಕರಗಿದ ಎಲ್ಲದರ ಲೆಕ್ಕ, ಸುಣ್ಣದ್ದೊಂದೇ ಅಲ್ಲ. ಗಡಸುತನ ಅಳೆಯುವ ಪಟ್ಟಿ ಅಥವಾ ಹನಿ ಹಾಕುವ ಕಿಟ್ ತಂದು ನೋಡಿರಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರಿಲ್ಲದ ಕಡೆ 600ರ ತನಕ. ಮಷೀನಿನ ಪುಸ್ತಕದಲ್ಲಿ ಜರ್ಮನ್ ಡಿಗ್ರಿ ಬರೆದಿದ್ದರೆ ನಿಮ್ಮ ಅಂಕಿಯನ್ನು 17.8ರಿಂದ ಭಾಗಿಸಿರಿ, 500 ಬಂದರೆ 28 ಡಿಗ್ರಿ. ‘ಎಲ್ಲವೂ ಒಂದರಲ್ಲೇ’ ಅನ್ನುವ ಮಾತ್ರೆಗಳು ಸಾಮಾನ್ಯವಾಗಿ 21 ಡಿಗ್ರಿ ತನಕ ಮಾತ್ರ ನಿಭಾಯಿಸುತ್ತವೆ. ಮಾತ್ರೆ ಹಾಕುತ್ತೇವಲ್ಲ ಅಂತ ಉಪ್ಪಿನ ಕೆಂಪು ದೀಪ ಆರಿಸಲು ಸೆಟ್ಟಿಂಗನ್ನೇ ಸೊನ್ನೆಗೆ ಇಳಿಸುವವರಿದ್ದಾರೆ. ಆರು ತಿಂಗಳಲ್ಲಿ ಹೀಟರ್ ಮೇಲೆ ಸುಣ್ಣದ ಚಿಪ್ಪು ಕಟ್ಟಿರುತ್ತದೆ. ಭೀಮಾ, ಬೆಣ್ಣೆತೊರಾ ನೀರು ನಳದಲ್ಲಿ ಬಂದ ದಿನ ಒಂದು ಥರ, ಬೋರಿನ ದಿನ ಇನ್ನೊಂದು ಥರ ಇರುವ ಮನೆಯಲ್ಲಿ ಬೋರಿನ ಅಂಕಿಗೇ ಸೆಟ್ಟಿಂಗ್ ಇಡಿರಿ. ಉಪ್ಪು ಬೇಗ ಮುಗಿಯುತ್ತದೆ, ಮುಗಿಯಲಿ.

ಆಗಲೇ ಕಟ್ಟಿದ ಸುಣ್ಣ ತೆಗೆಯಲು ಸಿಟ್ರಿಕ್ ಆಸಿಡ್ ಸಾಕು, ಕಿರಾಣಿಯಲ್ಲಿ ನಿಂಬೂ ಫೂಲ್ ಅಂತ ಕೇಳಿದರೆ ಕೊಡುವ ಬಿಳಿ ಹರಳು. ಖಾಲಿ ಮಷೀನಿನ ತಳಕ್ಕೆ 100 ಗ್ರಾಂ ಹಾಕಿ, ಸೋಪು ಹಾಕದೆ, ಬಿಸಿ ಪ್ರೋಗ್ರಾಂ ಒಂದು ಸುತ್ತು ನಡೆಸಿರಿ. ಎರಡು ಮೂರು ತಿಂಗಳಿಗೊಮ್ಮೆ ಸಾಕು. ವಿನಿಗರ್ ದಿನಾ ಬಳಸಿದರೆ ರಬ್ಬರ್ ಹಾಳು. ಹಾಂ, ಸಿಟ್ರಿಕ್ ಆಗಲಿ ಲಿಂಬಿರಸ ಆಗಲಿ ಶಹಾಬಾದ ಕಲ್ಲಿನ ಕಟ್ಟೆಯ ಮೇಲೆ ಚೆಲ್ಲಬೇಡಿರಿ. ಲೋಟದ ಸುಣ್ಣ ತಿನ್ನುವ ಹುಳಿ ಕಟ್ಟೆಯ ಸುಣ್ಣ ಬಿಡುತ್ತದೆಯೇ? ಬಿಳಿ ಕಲೆ ಉಳಿದುಬಿಡುತ್ತದೆ.

ಪಾತ್ರೆ ಜಿಡ್ಡಾಗಿಯೇ ಉಳಿದರೆ ತಳದ ಜಾಲರಿ ನೋಡಿರಿ. ಎಡಕ್ಕೆ ತಿರುವಿದರೆ ಕೊಳವೆಯಂಥ ಜಾಲರಿ ಮೇಲೆ ಬರುತ್ತದೆ, ಅದರ ಕೆಳಗೆ ಚಪ್ಪಟೆ ಜಾಲರಿ. ನಮ್ಮ ಅಡುಗೆಗೆ ಇದನ್ನು ವಾರಕ್ಕೊಮ್ಮೆ ಅಲ್ಲ, ಎರಡು ಸಲ ತೊಳೆಯಬೇಕು. ಜೋಳದ ಹಿಟ್ಟು ನಾದಿದ ಪರಾತವನ್ನು ಹಾಗೇ ಇಟ್ಟರೆ ಬಿಸಿ ನೀರಿಗೆ ಹಿಟ್ಟು ಬೆಂದು ಅಂಟಾಗಿ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಮೊದಲು ತಣ್ಣೀರಲ್ಲಿ ಹಿಟ್ಟು ತೆಗೆದು ಇಡಿರಿ. ಬ್ಯಾಳಿ ಕುದಿಸಿದ ಪಾತ್ರೆಯೂ ಹಾಗೆ. ಶೇಂಗಾ ಹಿಂಡಿಯ ತರಿ ಜಾಲರಿ ತಪ್ಪಿಸಿಕೊಂಡು ಚಿಮ್ಮುವ ತೋಳಿನ ತೂತಿಗೆ ಸಿಗುತ್ತದೆ. ಕೆಳಗಿನ ತೋಳು ಮೇಲಕ್ಕೆ ಎಳೆದರೆ ಬರುತ್ತದೆ, ಮೇಲಿನದಕ್ಕೆ ಬಿಚ್ಚುವ ಬಿರಡೆ. ಹಲ್ಲುಕಡ್ಡಿಯಿಂದ ತೂತು ಬಿಡಿಸಿ ನಳದ ಕೆಳಗೆ ಹಿಡಿದು ಅಲುಗಾಡಿಸಿರಿ. ಸೂಜಿ, ಮೊಳೆ ಬೇಡ, ತೂತು ಅಗಲವಾದರೆ ನೀರಿನ ಒತ್ತಡವೇ ಹೋಗುತ್ತದೆ. ತಿರುಗಿ ಹಾಕಿದ ಮೇಲೆ ಬೆರಳಿಂದ ಒಂದು ಸುತ್ತು ತಿರುಗಿಸಿ ನೋಡಿರಿ, ಎದ್ದು ನಿಂತ ಸೌಟಿಗೆ ತಡೆಯಬಾರದು.

ನೀರು ಹೊರಗೆ ಹೋಗದೆ ತಳದಲ್ಲಿ ನಿಂತರೆ ಮೊದಲು ಪ್ಲಗ್ ತೆಗೆಯಿರಿ, ಸ್ಪಂಜಿನಿಂದ ನೀರು ಹೀರಿ ತೆಗೆಯಿರಿ. ಜಾಲರಿಯ ಗುಂಡಿಯಲ್ಲಿ ಪಂಪಿನ ಮುಚ್ಚಳ ಕಾಣುತ್ತದೆ. ಅದನ್ನು ಎಬ್ಬಿಸಿದರೆ ಒಳಗೊಂದು ಸಣ್ಣ ಪಂಖ ಇರುತ್ತದೆ. ಹಲ್ಲುಕಡ್ಡಿ, ಗಾಜಿನ ಚೂರು, ಹುಣಸೆ ಬೀಜ ಅದರಲ್ಲೇ ಸಿಕ್ಕಿರುವುದು, ಕೈಗವಸು ಹಾಕಿ ತೆಗೆಯಿರಿ. ಪಂಖ ಬೆರಳಿಗೆ ತಡೆತಡೆದು ತಿರುಗಿದರೆ ಸರಿಯೇ, ಒಳಗಿನ ಆಯಸ್ಕಾಂತ ಹಾಗೆ ಹಿಡಿಯುತ್ತದೆ. ಪಂಪು ಸರಿ ಇದ್ದರೆ ಹಿಂದಿನ ಪೈಪು ಮಡಚಿದೆಯೋ ನೋಡಿರಿ. ಜಾಲರಿಯ ಕೆಳಗೆ ಸದಾ ಇರುವ ಸ್ವಲ್ಪ ನೀರು ರೋಗವಲ್ಲ, ರಬ್ಬರ್ ಒಣಗದಿರಲೆಂದು ಅದು ಇರಲೇಬೇಕು. ಪರದೆಯ ಮೇಲೆ ಬಾಷ್ ಮಷೀನಿನಲ್ಲಿ ಇ24, ಎಲ್‌ಜಿಯಲ್ಲಿ ಓಇ ಬಂದರೆ ಇದೇ ದೂರು. ಎಲ್‌ಜಿಯ ಐಇ ಅಂದರೆ ನೀರು ಒಳಗೆ ಬರುತ್ತಿಲ್ಲ.

ನೀರು ಒಳಗೆ ಬರದಿದ್ದರೆ ಟ್ಯಾಂಕಿನ ಎತ್ತರ ನೆನಪಿಸಿಕೊಳ್ಳಿರಿ. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ. ಅಡುಗೆಮನೆಯ ಮಾಳಿಗೆಯ ಮೇಲೇ ಟ್ಯಾಂಕು ಕೂತಿದ್ದರೆ ನಳದಲ್ಲಿ ಸಿಗುವುದು 0.3 ಬಾರ್, ಹಲವು ಮಷೀನು ಕೇಳುವುದು 0.5. ಬಕೆಟ್ ಹಿಡಿದು ನೋಡಿರಿ, ಒಂದು ನಿಮಿಷಕ್ಕೆ ಹತ್ತು ಲೀಟರ್ ತುಂಬಬೇಕು. ತುಂಬದಿದ್ದರೆ ಸಣ್ಣ ಪ್ರೆಶರ್ ಪಂಪು ಬೇಕು. ಅದಕ್ಕೂ ಮೊದಲು ನಳ ಬಂದ್ ಮಾಡಿ ಪೈಪಿನ ಬಾಯಿ ಬಿಚ್ಚಿರಿ. ಒಳಗಿನ ಜಾಲರಿ ವಾಶರ್‌ನಲ್ಲಿ ಬೋರಿನ ಮರಳು ಕೂತಿರುತ್ತದೆ. ಹಳೆ ಬ್ರಶ್‌ನಿಂದ ತಿಕ್ಕಿದರೆ ಅರ್ಧ ರಗಳೆ ಅಲ್ಲಿಗೇ ಮುಗಿಯಿತು.

ಕರೆಂಟಿನ ಮಾತು. ಹೀಟರ್ ಎರಡು ಸಾವಿರ ವ್ಯಾಟ್ ಎಳೆಯುತ್ತದೆ, 16 ಆಂಪಿಯರ್ ಸಾಕೆಟ್ ಬೇಕು, ಎಕ್ಸ್‌ಟೆನ್ಶನ್ ವೈರ್ ಬೇಡ. ಬ್ಯಾಸಿಗಿ ಮಧ್ಯಾಹ್ನ ಊರ ತುಂಬ ಕೂಲರ್, ಏಸಿ ಓಡುವಾಗ ವೋಲ್ಟೇಜ್ 180ಕ್ಕೆ ಇಳಿದರೆ ಹೀಟರ್ ಶಕ್ತಿ ನೂರಕ್ಕೆ ಅರವತ್ತರಷ್ಟಾಗುತ್ತದೆ. ವಾಶ್ ಮೂರು ತಾಸು ಎಳೆಯುತ್ತದೆ, ಸೋಪಿನ ಪುಡಿ ಡಬ್ಬಿಯಲ್ಲೇ ಗಡ್ಡೆಯಾಗಿ ಉಳಿಯುತ್ತದೆ. ರಾತ್ರಿ ಹತ್ತರ ಮೇಲೆ ಹಚ್ಚಿ ನೋಡಿರಿ. ಆಗಲೂ ಪಾತ್ರೆ ತಣ್ಣಗೇ ಇದ್ದರೆ ಹೀಟರ್ ಹೋಗಿದೆ. ಹೀಟರ್ ಹಚ್ಚುವಷ್ಟರಲ್ಲಿ ಸ್ವಿಚ್ ಟ್ರಿಪ್ ಆಗುತ್ತಿದ್ದರೆ ಮತ್ತೆ ಮತ್ತೆ ಎತ್ತಬೇಡಿರಿ, ಅರ್ಥಿಂಗ್ ಗೊತ್ತಿದ್ದವರನ್ನು ಕರೆಯಿರಿ.

ಕೆಳಗಿಂದ ನೀರು ಸೋರಿದರೆ ಎರಡು ಸಂಶಯ. ಕೈಯಲ್ಲಿ ತೊಳೆಯುವ ಲಿಕ್ವಿಡ್ ಸೋಪು ಹಾಕಿ ನೊರೆ ಉಕ್ಕಿರಬೇಕು, ಇಲ್ಲವೇ ಇಲಿ ಪೈಪು ಕಡಿದಿರಬೇಕು. ತಳದ ತಟ್ಟೆಯಲ್ಲಿ ನೀರು ನಿಂತರೆ ಅಲ್ಲಿರುವ ಥರ್ಮಾಕೋಲ್ ತೇಲಿ ಮಷೀನನ್ನೇ ನಿಲ್ಲಿಸುತ್ತದೆ, ಬಾಷ್‌ನಲ್ಲಿ ಇ15 ಅನ್ನುತ್ತದೆ. ಹಿಂದಿನ ಸಂದಿಗೆ ತಂತಿ ಜಾಳಿಗೆ ಹೊಡೆದರೆ ಇಲಿಯ ಕಾಟ ನಿಲ್ಲುತ್ತದೆ.

ಏನೇನು ಒಳಗೆ ಇಡಬಾರದು ಅನ್ನುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ರೊಟ್ಟಿ ಹಂಚು ತುಕ್ಕಾಗುತ್ತದೆ, ಹಿಂಡಾಲಿಯಂ ಕಪ್ಪಾಗುತ್ತದೆ, ಹಿತ್ತಾಳೆ ಮಂಕಾಗುತ್ತದೆ. ಬೀದರಿನ ಬಿದರಿ ಹೂದಾನಿ, ಬಟ್ಟಲನ್ನು ಕನಸಿನಲ್ಲೂ ಇಡಬೇಡಿರಿ. ಅದು ಸತು, ತಾಮ್ರದ ಎರಕ, ಕೋಟೆಯ ಮಣ್ಣಿನಲ್ಲಿ ಕುದಿಸಿ ತಂದ ಕಪ್ಪು. ಕ್ಷಾರದ ಸೋಪಿಗೆ ಸತು ತಡೆಯುವುದಿಲ್ಲ, ಕಪ್ಪು ಹೋದರೆ ಬೆಳ್ಳಿಯ ಎಳೆ ಯಾವುದು, ನೆಲ ಯಾವುದು ತಿಳಿಯುವುದಿಲ್ಲ.

ಬ್ಯಾಸಿಗಿಗೆ ಮನೆ ಬಾಗಿಲು ಹಾಕಿ ತಿಂಗಳುಗಟ್ಟಲೆ ಊರಿಗೆ ಹೋಗುವವರು ನಳ ಬಂದ್ ಮಾಡಿ, ಜಾಲರಿ ತೊಳೆದು, ಮಷೀನಿನ ಬಾಗಿಲು ಎರಡು ಬೆರಳು ತೆರೆದಿಡಿರಿ. ತಿರುಗಿ ಬಂದ ದಿನ ಒಣಗಿದ ಪಂಪು ಗುಂಯ್ ಅಂದು ನಿಲ್ಲಬಹುದು. ತಳಕ್ಕೆ ಎರಡು ಲೀಟರ್ ಬೆಚ್ಚಗಿನ ನೀರು ಸುರಿದು ಅರ್ಧ ತಾಸು ಬಿಟ್ಟು, ಬರೀ ನೀರು ಖಾಲಿ ಮಾಡುವ ಬಟನ್ ಮೊದಲು ಒತ್ತಿರಿ. ಪಾತ್ರೆ ಆಮೇಲೆ ಇಡಿರಿ.